ಬೀಗರೂ ಕೂತು ನೋಡಬಹುದು

ಲೈನ್ ಮನೆಯ ಹುಡುಗಿ ಡಿಗ್ರಿ ಮುಗಿಸುವುದು ಆಗದ ಮಾತು ಎಂದು ನಮ್ಮ ಅಂಗಳದಲ್ಲೇ ನಿಂತು ಹೇಳಿದವರು ಎಸ್ಟೇಟಿನ ರೈಟರ್ ಶೇಷಪ್ಪನವರು. ಆಳುಗಳ ಹಾಜರಿ ಹಾಕುವುದು, ಯಾರು ಯಾವ ಕೆಲಸಕ್ಕೆ ಹೋಗಬೇಕೆಂದು ಬೆಳಿಗ್ಗೆ ಕೂಗಿ ಹೇಳುವುದು, ಯಾವ ಸಂಸಾರ ಯಾವ ಮನೆಯಲ್ಲಿರಬೇಕೆಂದು ತೀರ್ಮಾನಿಸುವುದು ಎಲ್ಲ ಅವರದೇ. ಅವರು ಆಗದು ಎಂದದ್ದು ನಮ್ಮ ಕಡೆ ಆಗುತ್ತಿರಲಿಲ್ಲ. ನಾನು ಬಿ.ಎ. ಮಾಡಿದೆ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸಿನ ಬಾಗಿಲನ್ನು ನನಗಿಂತ ಮೊದಲು ಯಾರೂ ಕಂಡಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಆದರೆ ರೈಟರ್ ಅಂದು ಹಾಗೆ ಹೇಳಲು ಕಾರಣವಾದದ್ದು ಒಂದು ಸಿನಿಮಾ, ಆ ಸಿನಿಮಾದ ಬಗ್ಗೆ ನಾನು ಬರೆದ ಎರಡು ಸಾಲು. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಟಿವಿಯಿಂದ ಶುರು ಮಾಡಬೇಕು.

ಮೂಡಿಗೆರೆಯಿಂದ ಜಾವಳಿ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ ನಮ್ಮ ಎಸ್ಟೇಟು. ಪಲ್ಪರ್ ಮನೆಯ ಹಿಂದೆ ಆಳುಗಳಿಗೆಂದು ಕಟ್ಟಿದ ಏಳು ಮನೆಗಳ ಒಂದು ಲೈನು, ಅದರಲ್ಲಿ ಕಡೆಯದು ನಮ್ಮದು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಇದ್ದವರು ನಾಲ್ಕು ಜನ: ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ಅಕ್ಕ ಗೌರಮ್ಮ, ನನಗೆ ಗೌರತ್ತೆ. ಹಣ್ಣು ಕಾಫಿಯ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಅಪ್ಪನ ಕೈಯಲ್ಲಿತ್ತು. ಅದು ಕೆಟ್ಟಾಗ ಬಿಚ್ಚಿ ಜೋಡಿಸಿ ಅಭ್ಯಾಸವಾಗಿ, ಕೆಟ್ಟ ಯಂತ್ರ ಯಾವುದನ್ನು ಕಂಡರೂ ಅಪ್ಪನಿಗೆ ಅದರ ಹೊಟ್ಟೆ ಬಗೆದು ನೋಡುವ ಆಸೆ. ಧಣಿಗಳ ಮನೆಗೆ ಕಲರ್ ಟಿವಿ ಬಂದಾಗ ಅವರ ಹಳೆಯ ಕಪ್ಪುಬಿಳುಪು ಟಿವಿ ಗೋದಾಮಿನ ಮೂಲೆ ಸೇರಿತ್ತು. ಅಪ್ಪ ಕೇಳಿ ತಂದರು. ಎರಡು ವಾರ ಅದು ನಮ್ಮ ಕೋಣೆಯ ನಡುವೆ ಬಿಚ್ಚಿಕೊಂಡು ಬಿದ್ದಿತ್ತು, ನಾವು ಅದರ ಸುತ್ತ ಕೂತು ಉಣ್ಣುತ್ತಿದ್ದೆವು. ಒಂದು ಸಂಜೆ ಅದಕ್ಕೆ ಜೀವ ಬಂತು. ಮೊದಲು ಬರೀ ಇರುವೆ ಹರಿದ ಹಾಗೆ ಚುಕ್ಕೆಗಳು, ಆಮೇಲೆ ಆ ಚುಕ್ಕೆಗಳ ಒಳಗಿಂದ ವಾರ್ತೆ ಓದುವ ಹೆಂಗಸಿನ ಅರ್ಧ ಮುಖ. ಅವ್ವ ಎದ್ದು ಹೋಗಿ ಟಿವಿಯ ಮುಂದೆ ಊದುಬತ್ತಿ ಹಚ್ಚಿದಳು. ಗೌರತ್ತೆ ಮಾತ್ರ ಇನ್ನರ್ಧ ಮುಖ ಎಲ್ಲಿ ಎಂದು ಕೇಳಿದಳು.

ಗೌರತ್ತೆ ಅಂಥವಳು. ಅವಳ ಗಂಡ ಕಳಸದ ಕಡೆ ಇನ್ನೊಂದು ಸಂಸಾರ ಹೂಡಿದ್ದ. ಅದು ತಿಳಿದ ದಿನ ಅವಳು ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು, ಆ ಮೇಲೆ ಆ ಹೆಸರನ್ನು ಬಾಯಲ್ಲಿ ತರಲಿಲ್ಲ. ಅಳುವುದನ್ನು ನಾನು ನೋಡಿಲ್ಲ. ಓದು ಬರಹ ಇರಲಿಲ್ಲ. ಕಾಫಿ ಕುಯ್ಯುವುದರಲ್ಲಿ ಅವಳ ಕೈಯಷ್ಟು ಚುರುಕಾದ ಕೈ ಲೈನಿನಲ್ಲಿ ಇನ್ನೊಂದಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು, ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ನಾನು ಪಿಯುಸಿಗೆ ಸೇರುವ ಹೊತ್ತಿಗೆ ಉಬ್ಬಸ ಜೋರಾಗಿ ಅವಳು ಕೆಲಸ ಬಿಟ್ಟಿದ್ದಳು.

ವಾರದ ರಜೆಯ ದಿನ ನಮ್ಮ ಮನೆ ಟಾಕೀಸು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಫೀಕಣ್ಣನ ಕ್ಯಾಸೆಟ್ ಅಂಗಡಿ ಇತ್ತು. ಅಲ್ಲಿಂದ ಪ್ಲೇಯರನ್ನೂ ಎರಡು ಕ್ಯಾಸೆಟ್ಟನ್ನೂ ಬಾಡಿಗೆಗೆ ತಂದು, ಜೀಪಿನಲ್ಲಿ ಅಲುಗದ ಹಾಗೆ ಕಂಬಳಿಯಲ್ಲಿ ಸುತ್ತಿ, ಅಪ್ಪ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಮಧ್ಯಾಹ್ನ ಅಕ್ಕಿರೊಟ್ಟಿ, ಒಣಮೀನಿನ ಚಟ್ನಿ ತಿಂದು ಏಳು ಮನೆಯ ಜನ ನಮ್ಮ ಒಂದು ಕೋಣೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಎಲ್ಲರಿಗೂ ಒಂದೊಂದು ಜಾಗ. ಗಂಡಸರು ಗೋಡೆಗೆ, ಮಕ್ಕಳು ಮುಂದೆ ನೆಲಕ್ಕೆ, ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು ಅಡುಗೆಮನೆಯ ಬಾಗಿಲ ಹಿಂದೆ, ಮಾವನ ಕಣ್ಣಿಗೆ ಬೀಳದ ಹಾಗೆ. ಪೇಟೆಯವರು ಸಿನಿಮಾ ಹೇಗಿದೆ ಎಂದು ಕೇಳುತ್ತಾರೆ. ನಮ್ಮ ಲೈನಿನಲ್ಲಿ ಹಾಗೆ ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ:

“ಯಾರ್‍ಯಾರು ಕೂತು ನೋಡದು?”

ಒಂದೇ ಕೋಣೆಯಲ್ಲಿ ಮಾವ, ಸೊಸೆ, ಅಳಿಯ, ಅತ್ತೆ ಎಲ್ಲ ಮಂಡಿಗೆ ಮಂಡಿ ತಾಗಿಸಿ ಕೂರುವಾಗ ಅದೇ ದೊಡ್ಡ ಪ್ರಶ್ನೆ. ಪರದೆಯ ಮೇಲೆ ಒಂದು ಮಳೆ ಹಾಡು ಬಂದರೆ ಇಡೀ ಕೋಣೆ ಗೋಡೆ ನೋಡುತ್ತಿತ್ತು, ಅಪ್ಪ ಎದ್ದು ಆಂಟೆನಾ ಸರಿಮಾಡಲು ಹೊರಗೆ ಹೋಗುತ್ತಿದ್ದರು. ಕ್ಯಾಸೆಟ್ಟಿಗೆ ಆಂಟೆನಾ ಬೇಡವೆಂದು ಅಪ್ಪನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಯಾವ ಕ್ಯಾಸೆಟ್ ತರಬೇಕೆಂಬುದಕ್ಕೆ ಅವ್ವನಿಗೂ ಗೌರತ್ತೆಗೂ ಪ್ರತಿ ವಾರ ಜಗಳ. ಅವ್ವನಿಗೆ ಅಳಬೇಕು. ಅಣ್ಣ ತಂಗಿ ಬೇರೆಯಾಗಬೇಕು, ತಾಯಿ ಕುರುಡಾಗಬೇಕು, ಸೆರಗು ಒದ್ದೆಯಾಗದಿದ್ದರೆ ಅವ್ವ ಅದನ್ನು ಸಿನಿಮಾ ಎಂದು ಒಪ್ಪುತ್ತಿರಲಿಲ್ಲ. ಗೌರತ್ತೆಗೆ ಅಳುವ ಹೆಂಗಸನ್ನು ಕಂಡರೆ ಆಗದು. ಅವಳು ನನ್ನನ್ನು ಹತ್ತಿರ ಕರೆದು ಒಂದೇ ಕೇಳುತ್ತಿದ್ದಳು: “ಅದ್ರಲ್ಲಿ ಹೆಂಗಸು ಕೊನೆಗೆ ಎಂತ ಮಾಡ್ತಾಳೆ?” ಗಂಡನ ಕಾಲಿಗೆ ಬೀಳುತ್ತಾಳೆ ಎಂದರೆ ಗೌರತ್ತೆ ಆ ಮಧ್ಯಾಹ್ನ ಸೌದೆ ಒಡೆಯುತ್ತಿದ್ದಳು. ಒಳಗೆ ಎಲ್ಲರೂ ಅಳುತ್ತಿರುವಾಗ ಹೊರಗಿನಿಂದ ಕೊಡಲಿಯ ಏಟು ಕೇಳುತ್ತಿತ್ತು. ಅವ್ವ ಕಣ್ಣೊರೆಸಿಕೊಳ್ಳುತ್ತಲೇ ಬೈಯುತ್ತಿದ್ದಳು: “ಇವಳೊಬ್ಳು ಮಾರಾಯ್ತಿ, ನೆಮ್ಮದಿಯಾಗಿ ಅಳಕ್ಕೂ ಬಿಡದಿಲ್ಲ.”

ನಮ್ಮ ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೆ. ಹಾಗಾಗಿ ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಜೊತೆ ರಫೀಕಣ್ಣನ ಅಂಗಡಿಗೆ ಹೋಗಿ, ಡಬ್ಬಿಯ ಮೇಲೆ ಬರೆದದ್ದು ಓದಿ, ಹೊಸದು ಯಾವುದು ಬಂದಿದೆ ಎಂದು ಕೇಳಿ, ಆರಿಸಿ ತರುವ ಕೆಲಸ ನನ್ನದಾಯಿತು. ಎರಡು ಮೂರು ವರ್ಷದಲ್ಲಿ ಅದರಲ್ಲಿ ನಾನು ಪಳಗಿದೆ. ಒಂದು ಸಲ ನಾವು ನೋಡಿದ ಕ್ಯಾಸೆಟ್ಟು ನಮ್ಮಿಂದ ನೇರ ಪಕ್ಕದ ಎಸ್ಟೇಟಿನವರ ಕೈಗೆ ಹೋಗುವುದಿತ್ತು. ಅಲ್ಲೊಬ್ಬಳು ಬಸುರಿ ಇದ್ದಳು, ಸಿನಿಮಾದಲ್ಲಿ ಹೆರಿಗೆಯಲ್ಲಿ ಸಾಯುವ ಭಾಗವಿತ್ತು. ಅವಳಿಗೆ ಹೇಳಿ ಕಳಿಸು ಎಂದು ಅವ್ವ ಗಂಟುಬಿದ್ದಳು. ನಾನು ನೋಟ್‌ಬುಕ್ಕಿನ ಹಾಳೆ ಹರಿದು ಬರೆದು ಡಬ್ಬಿಯೊಳಗೆ ಇಟ್ಟೆ: “ಬಸುರಿಯರು ಇಂಟರ್‌ವಲ್ ಆದ ಮೇಲೆ ಎದ್ದು ಹೋಗುವುದು. ಉಳಿದವರು ನೋಡಬಹುದು.” ಆ ಚೀಟಿ ಡಬ್ಬಿಯಲ್ಲೇ ಉಳಿದು ಮತ್ತೆ ರಫೀಕಣ್ಣನ ಅಂಗಡಿಗೆ ಬಂತು. ಎಸೆಯಬೇಕೆಂದಿದ್ದನಂತೆ. ಅಷ್ಟರಲ್ಲಿ ಬಂದ ಗಿರಾಕಿಯೊಬ್ಬರು ಅದನ್ನು ಓದಿ, ಇಂಥ ಚೀಟಿ ಇರುವ ಬೇರೆ ಡಬ್ಬಿ ಇದೆಯೇ ಎಂದು ಕೇಳಿದರಂತೆ.

ಅಲ್ಲಿಂದ ನಾನು ನೋಡಿದ ಪ್ರತಿ ಸಿನಿಮಾಕ್ಕೂ ಒಂದು ಚೀಟಿ. ರಫೀಕಣ್ಣ ಹೊಸ ಕ್ಯಾಸೆಟ್ ಬಂದರೆ ಮೊದಲು ನಮಗೆ ಕೊಡುತ್ತಿದ್ದ. ಉದ್ದ ಬರೆದರೆ ಯಾರೂ ಓದುವುದಿಲ್ಲ ಎಂದು ಅವನೇ ಕಲಿಸಿದ್ದು. ಕೆಲವು ನನಗೆ ಇನ್ನೂ ನೆನಪಿವೆ. “ಹಾಡು ಬಂದಾಗ ರೊಟ್ಟಿ ತಟ್ಟಿಕೊಳ್ಳಬಹುದು, ಕಥೆ ತಪ್ಪುವುದಿಲ್ಲ.” “ಹೊಡೆದಾಟ ಬಹಳ. ಗಂಡುಮಕ್ಕಳಿಗೆ ಕೊಟ್ಟು ಹೆಂಗಸರು ನೆಂಟರ ಮನೆಗೆ ಹೋಗಬಹುದು.” “ಟಾಕೀಸಿನಲ್ಲಿ ಕದ್ದು ತೆಗೆದ ಪ್ರಿಂಟು, ಮುಂದೆ ಕೂತವನ ತಲೆ ಕಡೆಯವರೆಗೂ ಇದೆ. ಕಥೆ ಒಳ್ಳೆಯದು.” “ಅತ್ತೆ ಸೊಸೆ ಬೇರೆ ಬೇರೆ ದಿನ ನೋಡಿ.” ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸರು ನನ್ನನ್ನು ತಡೆದು ಚೀಟಿ ಹುಡುಗಿ ನೀನೇ ಅಲ್ಲವೇ ಎನ್ನುತ್ತಿದ್ದರು, ಮಗಳ ಸೀಮಂತಕ್ಕೆ ನೆಂಟರು ಬರುತ್ತಾರೆ ಯಾವುದು ಹಾಕುವುದು ಎಂದು ಕೇಳುತ್ತಿದ್ದರು. ಅವರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾರ ಮೇಲೆ ಮುನಿಸು, ಯಾರಿಗೆ ಕಿವಿ ಕೇಳುವುದಿಲ್ಲ ಎಲ್ಲ ವಿಚಾರಿಸಿ ನಾನು ಹೇಳುತ್ತಿದ್ದೆ. ಎದುರಿಗಿರುವವರು ಯಾರೆಂದು ತಿಳಿದು ಮಾತಾಡುವುದನ್ನು, ಇದ್ದದ್ದನ್ನು ನಾಲ್ಕು ಮಾತಲ್ಲಿ ಹೇಳುವುದನ್ನು ನಾನು ಕಲಿತದ್ದು ಹೀಗೆ. ಹದಿನೇಳನೇ ವಯಸ್ಸಿಗೆ ನನಗೆ ಗರ್ವವೂ ಬಂದಿತ್ತು.

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಿತ್ತು. ಸಂತೆಗೆ ಹೋದಾಗ ರಫೀಕಣ್ಣ ಒಂದು ಹೊಸ ಡಬ್ಬಿ ಮುಂದಿಟ್ಟ. ರೈಟರ್ ಶೇಷಪ್ಪನವರು ಕೇಳಿ ಕಳಿಸಿದ್ದಾರೆ, ಮದುವೆಯಾದ ಮಗಳು ಅಳಿಯನ ಜೊತೆ ಮೊದಲ ಸಲ ಬರುತ್ತಿದ್ದಾಳೆ, ಬೀಗರೂ ಬರುತ್ತಾರೆ, ಊಟವಾದರೂ ಸರಿ ಸಿನಿಮಾವಾದರೂ ಸರಿ ಏನೂ ಕಮ್ಮಿಯಾಗಬಾರದು ಎಂದಿದ್ದಾರೆ ಎಂದ. ನೋಡಲು ನನಗೆ ಪುರುಸೊತ್ತಿರಲಿಲ್ಲ. ಡಬ್ಬಿಯ ಮೇಲೆ ಒಂದು ದೊಡ್ಡ ಸಂಸಾರ ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ನಗುತ್ತಿತ್ತು. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಕೈಯಲ್ಲಿ ಹಣ್ಣಿನ ತಟ್ಟೆ. ಇಷ್ಟು ವರ್ಷದಲ್ಲಿ ಡಬ್ಬಿ ನೋಡಿದರೆ ಸಾಕು ಒಳಗಿನದು ತಿಳಿಯುತ್ತದೆ ಎಂದುಕೊಂಡು ಅಲ್ಲೇ ನಿಂತು ಬರೆದುಕೊಟ್ಟೆ: “ಮನೆಮಂದಿಯೆಲ್ಲ ನೋಡುವಂಥದ್ದು. ಬೀಗರೂ ಕೂತು ನೋಡಬಹುದು.”

ಆ ಸಿನಿಮಾದಲ್ಲಿ ಗಂಡಿನ ತಾಯಿ ಸೊಸೆಯ ತವರಿನಿಂದ ಚಿನ್ನ ಕೇಳುತ್ತಾಳೆ. ಇಂಟರ್‌ವಲ್ ಹೊತ್ತಿಗೆ ಸೊಸೆಯ ಕೈಬಳೆ ಬಿಚ್ಚಿಸುತ್ತಾಳೆ. ಕೊನೆಗೆ ಊರ ಹೆಂಗಸರೆಲ್ಲ ಪೊರಕೆ ಹಿಡಿದು ಅವಳನ್ನು ಬೀದಿಗೆ ಎಳೆಯುತ್ತಾರೆ. ದೇವಸ್ಥಾನದ ನಗು ಕಟ್ಟಕಡೆಯ ಚಿತ್ರ. ರೈಟರ ಮಗಳ ಮದುವೆಯಲ್ಲಿ, ಹುಡುಗಿಗೆ ಹಾಕಿದ ಸರದ ಎಳೆ ತೆಳುವಾಯಿತೆಂದು ಬೀಗಿತ್ತಿ ಮುಖ ತಿರುವಿದ್ದು ಇಡೀ ಎಸ್ಟೇಟಿಗೆ ಗೊತ್ತಿತ್ತು. ಆ ಮದುವೆಯಲ್ಲಿ ಎಲೆ ಹಾಕಿದವಳು ನಾನೇ, ಕಿವಿಯಾರೆ ಕೇಳಿದ್ದೆ. ಅಂದು ಸಿನಿಮಾ ಮುಗಿಯುವವರೆಗೂ ಅವರ ಮನೆಯಲ್ಲಿ ಯಾರೂ ಮಾತಾಡಲಿಲ್ಲವಂತೆ. ನಿಲ್ಲಿಸಿದರೆ ಇದು ನಿಮಗೇ ಹಾಕಿದ್ದು ಎಂದು ಒಪ್ಪಿಕೊಂಡ ಹಾಗೆ, ನಿಲ್ಲಿಸದಿದ್ದರೆ ಪೊರಕೆ ಬರುತ್ತದೆ. ಮುಗಿದ ಮೇಲೆ ಬೀಗರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಕಡುಬು ಹಬೆಯಲ್ಲಿತ್ತು, ಕೋಳಿ ಸಾರು ಇಳಿಸಿತ್ತು. ನಮ್ಮ ಕಡೆ ಬೀಗರು ಉಣ್ಣದೆ ಹೋಗುವುದೆಂದರೆ ಹೊಡೆದು ಹೋದ ಹಾಗೆ.

ರೈಟರು ಆ ಚೀಟಿ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದರು. ಕೂಗಾಡಲಿಲ್ಲ, ಅದೇ ಹೆದರಿಕೆಯಾಯಿತು. ಅಪ್ಪ ಎದ್ದು ನಿಂತರು. ಏಳು ಮನೆಯ ಬಾಗಿಲಲ್ಲೂ ಜನ.

“ನೀನು ಈ ಪಿಕ್ಚರ್ ನೋಡಿದ್ಯೇನೇ?”

“ಇಲ್ಲ ಸಾರ್.”

“ನೋಡ್ದೆ ಬರೆದೆ.”

ಅವರು ನನ್ನ ಕಡೆ ನೋಡುವುದು ಬಿಟ್ಟು ಅಪ್ಪನ ಕಡೆ ತಿರುಗಿದರು.

“ಪಿಕ್ಚರ್ ನೋಡ್ದೆ ಚೀಟಿ ಬರೆಯೋಳು ಪುಸ್ತಕ ನೋಡ್ದೆ ಪರೀಕ್ಷೆ ಬರೀತಾಳೆ ಕಣೋ. ಡಿಗ್ರಿ ಮಾಡಿಸ್ತೀನಿ ಅಂತ ಎಲ್ರ ಹತ್ರ ಹೇಳ್ಕೊಂಡು ತಿರುಗ್ತಿದೀಯಲ್ಲ, ಅದು ಆಗದ ಮಾತು. ಬರೆದಿಟ್ಕೋ.”

ಅವರು ಹೋದ ಮೇಲೆ ಅವ್ವ ಅತ್ತಳು, ಸಿನಿಮಾದ ಅಳುವಲ್ಲ. ಅಪ್ಪ ನನ್ನನ್ನು ಒಳಗೆ ಕರೆದು, ಜೇಬಿನಿಂದ ನಾಲ್ಕು ಕಾಫಿ ಬೀಜ ತೆಗೆದು ನನ್ನ ಅಂಗೈಗೆ ಹಾಕಿದರು. ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಹಾಕಿದ ಬೀಜ, ಎಸ್ಟೇಟಿನವರು ಪಾರ್ಚ್‌ಮೆಂಟ್ ಎನ್ನುವುದು.

“ಇದು ಒಣಗಿದೆಯಾ?”

ನೋಡಿದೆ. ಹಳದಿಗೆ ತಿರುಗಿತ್ತು. ಒಣಗಿದೆ ಎಂದೆ.

“ಕಚ್ಚು.”

ಕಚ್ಚಿದೆ. ಹಲ್ಲು ಒಳಗೆ ಇಳಿಯಿತು, ನಡುವೆ ಇನ್ನೂ ಮೆತ್ತಗಿತ್ತು.

“ಕಚ್ಚಿ ನೋಡ್ದೆ ಒಣಗಿದೆ ಅಂತ ನಾನು ಒಂದು ದಿನ ಹೇಳಿದ್ರೆ ಗೋದಾಮಿನ ಮಾಲೆಲ್ಲ ಬೂಷ್ಟು. ಇಪ್ಪತ್ತು ವರ್ಷ ಆಯ್ತು, ನಾನಿನ್ನೂ ಕಚ್ಚಿ ನೋಡ್ತೀನಿ.”

ಮರುದಿನ ಅಪ್ಪ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಮೂಡಿಗೆರೆಗೆ ಬಂದು ಅದೇ ಕ್ಯಾಸೆಟ್ ತಂದರು. ಹಾಡು, ಹೆಸರು ಬರುವ ಭಾಗ, ಯಾವುದನ್ನೂ ಓಡಿಸದೆ ಇಬ್ಬರೂ ಕೂತು ಪೂರ್ತಿ ನೋಡಿದೆವು. ಆಮೇಲೆ ನಾನು ಹೊಸ ಚೀಟಿ ಬರೆದೆ: “ಚಿನ್ನ ಕೇಳಿದ ಅತ್ತೆಗೆ ಪೊರಕೆ ಬೀಳುತ್ತದೆ. ಹೆಣ್ಣು ಕೊಟ್ಟವರು ಬೀಗರ ಎದುರು ಹಾಕಬಾರದು. ಹಿಂದಿನ ಚೀಟಿ ನೋಡದೆ ಬರೆದದ್ದು, ತಪ್ಪಾಯಿತು.” ಅದನ್ನು ಹಿಡಿದು ರೈಟರ ಕ್ವಾರ್ಟರ್ಸಿಗೆ ಹೋಗಿ ಅವರೆದುರು ನಿಂತು ಓದಿ, ಕೈಮುಗಿದೆ. ಅವರು ಸರಿ ಹೋಗು ಎಂದರು, ಅಷ್ಟೇ. ಅವರ ಹೆಂಡತಿ ಹಿಂಬಾಗಿಲ ತನಕ ನನ್ನ ಜೊತೆ ಬಂದರು. ಬಾಳೆ ಎಲೆಯಲ್ಲಿ ಎರಡು ಕಡುಬು ಸುತ್ತಿಕೊಟ್ಟು ಮೆಲ್ಲಗೆ ಹೇಳಿದರು:

“ಪಿಕ್ಚರ್ ಚೆನ್ನಾಗಿತ್ತು ಕಣೆ. ಬೀಗ್ತಿ ಹೋಗೋ ತನಕ ಸರದ ಮಾತು ಎತ್ಲೇ ಇಲ್ಲ.”

ಮನೆಗೆ ಬಂದು ನಾನಿದನ್ನು ನಗುತ್ತಾ ಹೇಳಿದರೆ ಅಪ್ಪ ನಗಲಿಲ್ಲ. ಅದು ಪಿಕ್ಚರ್ ತೆಗೆದವರ ಪುಣ್ಯ, ನಿನ್ನದಲ್ಲ ಎಂದರು.

ಪಿಯುಸಿ ಪಾಸಾದೆ. ಆದರೆ ಪಾಸಾದ ವಾರವೇ ರೈಟರು ಚೆಕ್ ರೋಲ್ ಹಿಡಿದು ಬಂದರು. ಆಳುಗಳ ಹೆಸರಿರುವ ಹಾಜರಿ ಪುಸ್ತಕ ಅದು. ನಮ್ಮ ಎಸ್ಟೇಟಿನಲ್ಲಿ ಒಂದು ಪದ್ಧತಿ: ತುದಿಮನೆ ಸ್ವಲ್ಪ ದೊಡ್ಡದು, ಅದರಲ್ಲಿರುವವರು ಮೂರು ಹೆಸರು ಕೊಡಬೇಕು. ಅಪ್ಪ, ಅವ್ವ, ಇನ್ನೊಂದು. ಗೌರತ್ತೆ ಕೆಲಸ ಬಿಟ್ಟ ಮೇಲೆ, ಹುಡುಗಿ ಪಿಯುಸಿ ಮುಗಿಸಲಿ ಎಂದು ಎರಡು ವರ್ಷ ಬಿಟ್ಟಿದ್ದರು. ಅದು ಅವರ ದೊಡ್ಡ ಮನಸ್ಸೇ. ಈಗ ಮೂರನೇ ಹೆಸರು ಬೇಕು, ಇಲ್ಲವಾದರೆ ಮನೆ ಬಿಡಬೇಕು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತರು. ಚಿಕ್ಕಮಗಳೂರಿನ ಕಾಲೇಜಿನ ಅರ್ಜಿ ಟಿವಿಯ ಮೇಲೆ ಇತ್ತು. ನಾನೇ ಬರೆದುಕೊಳ್ಳಿ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಳಗೆ ಅಕ್ಕಿ ಕೇರುತ್ತಿದ್ದ ಗೌರತ್ತೆ ಮೊರ ಹಿಡಿದುಕೊಂಡೇ ಹೊರಗೆ ಬಂದಳು.

“ನನ್ನ ಹೆಸ್ರು ಬರ್ಕೊಳಿ.”

“ನಿಂಗೆ ಉಬ್ಬಸ ಅಲ್ವೇನೆ ಗೌರಮ್ಮ?”

“ಉಬ್ಬಸ ಇರದು ಎದೆಗೆ. ಕೈಗಲ್ಲ.”

ರೈಟರು ಪೆನ್ನು ತೆಗೆಯಲಿಲ್ಲ. ಎಷ್ಟು ದಿನ ಮಾಡುತ್ತೀಯಾ ಎಂದರು. ಗೌರತ್ತೆ ನನ್ನ ಕಡೆ ನೋಡಲೂ ಇಲ್ಲ.

“ಅವ್ಳು ಡಿಗ್ರಿ ಕಾಗದ ತರೋ ತನಕ.”

ಹೀಗೆ ನಾನು ಚಿಕ್ಕಮಗಳೂರಿನ ಹಾಸ್ಟೆಲ್ ಸೇರಿದೆ, ಗೌರತ್ತೆ ಮತ್ತೆ ತೋಟಕ್ಕೆ ಇಳಿದಳು. ಆ ವರ್ಷ ಕುಯ್ಲಿನ ಸಮಯದಲ್ಲಿ ಊರಿಗೆ ಬಂದರೆ, ಬೆಳಿಗ್ಗೆ ಅವಳು ಏರು ಹತ್ತುವುದು ಮನೆಯೊಳಗೆ ಕೂತವರಿಗೂ ಕೇಳುತ್ತಿತ್ತು, ಅಷ್ಟು ದೊಡ್ಡ ಉಸಿರು. ಹತ್ತು ಹೆಜ್ಜೆಗೊಮ್ಮೆ ನಿಂತು, ಗಿಡ ನೋಡುವವಳ ಹಾಗೆ ಮಾಡಿ, ಮತ್ತೆ ಹತ್ತುತ್ತಿದ್ದಳು. ನಾನು ಏನಾದರೂ ಅಂದರೆ ಹಾಸ್ಟೆಲಿನ ಸಾರಿನಲ್ಲಿ ಬೇಳೆ ಇರುತ್ತದೆಯೇ ಎಂದು ಕೇಳುತ್ತಿದ್ದಳು. ಹಾಸ್ಟೆಲಿನಲ್ಲಿ ಬೇಳೆ ಇತ್ತು, ಇಂಗ್ಲಿಷೂ ಇತ್ತು. ಬೇಳೆ ಇಳಿಯಿತು, ಇಂಗ್ಲಿಷು ಇಳಿಯಲಿಲ್ಲ. ವಸ್ತಾರೆಯ ಗೆಳತಿಯೊಬ್ಬಳ ಹತ್ತಿರ ಗೈಡ್ ಇತ್ತು, ಎಲ್ಲ ಪಾಠದ ಸಾರಾಂಶವನ್ನೂ ನಾನು ಬಾಯಿಪಾಠ ಮಾಡಿದೆ. ಪ್ರಶ್ನೆಗಳು ಪಾಠದ ಒಳಗಿನಿಂದ ಬಂದವು. ಮೊದಲ ವರ್ಷದ ಇಂಗ್ಲಿಷಿನಲ್ಲಿ ಫೇಲಾದೆ.

ಸುದ್ದಿ ಲೈನಿಗೆ ನನಗಿಂತ ಮೊದಲು ಮುಟ್ಟಿತ್ತು. ರೈಟರು ದಾರಿಯಲ್ಲಿ ಸಿಕ್ಕಿ, ನಾನು ಹೇಳಿರಲಿಲ್ಲವೇ ಎಂಬಂತೆ ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಹೋದರು. ಅಪ್ಪ ಊಟ ಮಾಡಲಿಲ್ಲ. ಗೌರತ್ತೆ ಕೆಲಸದಿಂದ ಬಂದವಳು ಕಾಲು ತೊಳೆದು, ಒಲೆಯ ಮುಂದೆ ಕೂತು, ಯಾವುದರಲ್ಲಿ ಫೇಲು ಎಂದಳು. ಒಂದು ಕಥೆಯ ಪಾಠದಲ್ಲಿ ಏನೂ ಬರೆಯಲಾಗಲಿಲ್ಲ ಎಂದೆ.

“ಎಂತ ಕಥೆ?”

“ಒಬ್ಳು ವಿಧವೆ. ಹೊಲಿಗೆ ಮಾಡ್ಕೊಂಡು ಮಗನ್ನ ಸಾಕ್ತಾಳೆ.”

“ಅವ್ಳು ಕೊನೆಗೆ ಎಂತ ಮಾಡ್ತಾಳೆ?”

ನನಗೆ ಗೊತ್ತಿರಲಿಲ್ಲ. ಗೈಡಿನಲ್ಲಿ ಆ ಹೆಂಗಸು ತಾಯ್ತನದ ಪ್ರತೀಕ ಎಂದಿತ್ತು. ಅವಳು ಕೊನೆಗೆ ಏನು ಮಾಡಿದಳೆಂದು ಇರಲಿಲ್ಲ, ನಾನು ಪಾಠ ತೆರೆದೂ ನೋಡಿರಲಿಲ್ಲ. ಒಂದು ಕೋಣೆ ತುಂಬ ಹೆಂಗಸರ ಎದುರು ಇಂಥ ಪ್ರಶ್ನೆಗೆ ಉತ್ತರ ಹೇಳಿ ಹೆಸರು ಮಾಡಿದವಳು ನಾನು, ಅಂದು ಗೌರತ್ತೆಗೆ ಗೊತ್ತಿಲ್ಲ ಎನ್ನಬೇಕಾಯಿತು. ಅವಳು ಬೈಯಲಿಲ್ಲ. ನೋಡಿ ಹೇಳು ಎಂದು ಒಲೆಗೆ ಸೌದೆ ದೂಡಿದಳು. ಆ ರಜೆಯಲ್ಲಿ ನಾನು ಗೈಡ್ ಮುಟ್ಟಲಿಲ್ಲ. ಒಂದು ಹಳೆಯ ಡಿಕ್ಷನರಿ ಇಟ್ಟುಕೊಂಡು, ಸಾಲಿಗೆ ಐದು ಪದ ಹುಡುಕುತ್ತಾ, ಪಾಠಗಳನ್ನೇ ಓದಿದೆ. ಒಂದೊಂದು ಪಾಠ ಮುಗಿದಾಗಲೂ ಕಥೆಯನ್ನು ಮನೆಯಲ್ಲಿ ಹೇಳಬೇಕು, ಗೌರತ್ತೆ ಕೇಳುವ ಪ್ರಶ್ನೆಗೆಲ್ಲ ಉತ್ತರ ಕೊಡಬೇಕು. ಆ ವಿಧವೆ ಕೊನೆಗೆ ಹೊಲಿಗೆ ಯಂತ್ರವನ್ನು ಮಗನಿಗೂ ಕೊಡದೆ ತಾನೇ ಇಟ್ಟುಕೊಳ್ಳುತ್ತಾಳೆ. ಅದನ್ನು ಕೇಳಿ ಗೌರತ್ತೆ ತೊಡೆ ತಟ್ಟಿ, ಇದು ನೋಡು ಪಿಕ್ಚರ್ ಎಂದರೆ, ಎಂದಳು. ಅವ್ವನಿಗೆ ಅಷ್ಟು ಹಿಡಿಸಲಿಲ್ಲ. ಮುಂದಿನ ಸಲ ಇಂಗ್ಲಿಷ್ ಪಾಸಾದೆ. ಆ ಮೇಲೆ ಯಾವುದರಲ್ಲೂ ನಿಲ್ಲಲಿಲ್ಲ.

ಎರಡನೇ ವರ್ಷದ ನಡುವೆ ಗೌರತ್ತೆಯ ಹೆಸರನ್ನು ರೈಟರು ಕುಯ್ಲಿನಿಂದ ತೆಗೆದು ನರ್ಸರಿಗೆ ಹಾಕಿದರು. ಕೂತಲ್ಲೇ ಚೀಲಗಳಿಗೆ ಮಣ್ಣು ತುಂಬಿ ಸಸಿ ಇಡುವ ಕೆಲಸ, ಏರು ಹತ್ತುವುದಿಲ್ಲ. ಯಾಕೆಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅದೇ ಹೊತ್ತಿಗೆ ಕ್ಯಾಸೆಟ್ ಹೋಗಿ ಸಿ.ಡಿ. ಬಂತು. ರಜೆಗೆ ಬಂದಾಗಲೆಲ್ಲ ರಫೀಕಣ್ಣ ಹೊಸ ಸಿ.ಡಿ.ಗಳನ್ನು ಎತ್ತಿಡುತ್ತಿದ್ದ, ನಾನು ಕೂತು ನೋಡಿ ಚೀಟಿ ಬರೆಯುತ್ತಿದ್ದೆ. ನೋಡದ್ದಕ್ಕೆ ಬರೆಯುತ್ತಿರಲಿಲ್ಲ, ಎಷ್ಟು ಕೇಳಿದರೂ ಇಲ್ಲ. ಒಂದು ಸಲ ಅಂಗಡಿಯಲ್ಲಿ ರೈಟರೇ ನಿಂತಿದ್ದರು. ಮಗಳು ಬರುತ್ತಾಳೆ ಎಂದು ಸಿ.ಡಿ. ಆರಿಸುತ್ತಿದ್ದರು. ನನ್ನನ್ನು ಕಂಡು ಮಾತಾಡಲಿಲ್ಲ. ಆದರೆ ಕೈಗೆತ್ತಿಕೊಂಡ ಪ್ರತಿಯೊಂದರ ಒಳಗೂ ಚೀಟಿ ಇದೆಯೇ ಎಂದು ತೆರೆದು ನೋಡಿ, ಇಲ್ಲದ್ದನ್ನು ವಾಪಸು ಇಡುತ್ತಿದ್ದರು. ನಾನು ಗೆದ್ದೆ ಅನ್ನಿಸಿದ ದಿನ ಅದು. ರಿಸಲ್ಟು ಬಂದದ್ದು ಆಮೇಲೆ.

ಮೂರನೇ ವರ್ಷ ಸೆಕೆಂಡ್ ಕ್ಲಾಸಿನಲ್ಲಿ ಮುಗಿಯಿತು. ಮಾರ್ಕ್ಸ್ ಕಾರ್ಡ್ ತೋರಿಸಿ ಮೂಡಿಗೆರೆಯ ಒಂದು ಶಾಲೆಯಲ್ಲಿ ಟೀಚರಾಗಿ ಸೇರಿದೆ, ಅಲ್ಲೇ ನಾಲ್ವರಿಗೂ ಆಗುವ ಒಂದು ಸಣ್ಣ ಮನೆಯನ್ನೂ ಗೊತ್ತುಮಾಡಿದೆ. ಇನ್ನು ತೋಟದ ಕೆಲಸ ಸಾಕು ಎಂದರೆ ಗೌರತ್ತೆ ಒಪ್ಪಲಿಲ್ಲ. ಮಾರ್ಕ್ಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಅದಲ್ಲವಲ್ಲ ಎಂದಳು. ನಿಜ, ಡಿಗ್ರಿ ಸರ್ಟಿಫಿಕೇಟು ಬರಲು ಇನ್ನೂ ಹಲವು ತಿಂಗಳಿತ್ತು. ಅಷ್ಟು ತಿಂಗಳೂ ಅವಳು ಬೆಳಿಗ್ಗೆ ಎದ್ದು ಹಾಜರಿಗೆ ನಿಂತಳು.

ಅದು ಬಂದಿದೆ ಎಂದು ಗೊತ್ತಾದ ದಿನ ಶಾಲೆಗೆ ರಜೆ ಹಾಕಿ ಚಿಕ್ಕಮಗಳೂರಿಗೆ ಹೋದೆ. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಸಹಿ ಮಾಡಿ ಪಡೆದೆ. ದಪ್ಪ ಕಾಗದ, ಮಡಿಸಬಾರದು ಎಂದರು. ಬಸ್ಸಿನಲ್ಲಿ ಅದನ್ನು ಎರಡು ಕೈಯಲ್ಲಿ ಹಿಡಿದು ಕೂತೆ, ಕಂಡಕ್ಟರ್ ಟಿಕೆಟ್ಟನ್ನು ನನ್ನ ತೊಡೆಯ ಮೇಲೆ ಇಟ್ಟು ಹೋದ. ಎಸ್ಟೇಟಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೇರ ನರ್ಸರಿಗೆ ಹೋದೆ. ಹೆಂಗಸರು ಸಾಲಾಗಿ ಕೂತು ಚೀಲಕ್ಕೆ ಮಣ್ಣು ತುಂಬುತ್ತಿದ್ದರು. ರೈಟರ್ ಶೇಷಪ್ಪನವರು ಪಕ್ಕದಲ್ಲೇ ನಿಂತು ಸಸಿ ಎಣಿಸುತ್ತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ಕಂಡು ಎಣಿಕೆ ನಿಲ್ಲಿಸಿ, ಯಾವ ಕ್ಲಾಸು ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿದರು.

ಗೌರತ್ತೆ ಎದ್ದು ಡ್ರಮ್ಮಿನ ನೀರಿನಲ್ಲಿ ಮೊಣಕೈವರೆಗೂ ತೊಳೆದುಕೊಂಡಳು. ಸೆರಗಿಗೆ ಒರೆಸಿ, ಸಾಲದೆ ಪಕ್ಕದವಳ ಸೆರಗಿಗೂ ಒರೆಸಿ, ಕೈ ಚಾಚಿದಳು. ಕೊಟ್ಟೆ. ನಿನ್ನ ಹೆಸರು ಎಲ್ಲಿದೆ ಎಂದಳು, ತೋರಿಸಿದೆ. ಮುಟ್ಟಲಿಲ್ಲ, ಬೆರಳನ್ನು ಅದರ ಮೇಲೆ ಸ್ವಲ್ಪ ಎತ್ತರದಲ್ಲೇ ಈ ತುದಿಯಿಂದ ಆ ತುದಿಗೆ ಆಡಿಸಿದಳು. ಆಮೇಲೆ, ರೈಟರು ಎರಡೇ ಹೆಜ್ಜೆ ಆಚೆ ನಿಂತಿದ್ದರೂ ಅವರ ಕಡೆ ನೋಡದೆ ನನಗೆ ಹೇಳಿದಳು:

“ನಾಳೆ ಹಾಜರಿಗೆ ಗೌರಮ್ಮನ ಹೆಸ್ರು ಕರೀಬೇಡಿ ಅಂತ ಅವ್ರಿಗೆ ನೀನೇ ಹೇಳು. ನಂಗೆ ಸುಸ್ತಾಗಿದೆ ಮಗಾ.”